ಚೌಕಿಯಲ್ಲೂ ಸ್ಟೇಜಲ್ಲೂ ಫೋಟೋ ಮಸುಕು, ಶಿವ್ಡಿ ಫ್ಲೆಮಿಂಗೋ ಅಂತೂ ಇನ್ನೂ ಮಸುಕು: ಫೋಕಸ್ ಹೇಗೆ ಮಾಡ್ತೀರಿ?

ಡೊಂಬಿವ್ಲಿ_ಲೋಕಲ್:

ಎಲ್ಲರಿಗೂ ನಮಸ್ಕಾರ, ಇಷ್ಟು ದಿನ ಬರೀ ಓದ್ತಾ ಇದ್ದೆ, ಇವತ್ತು ಕೇಳ್ಲೇಬೇಕು ಅನ್ನಿಸ್ತು. ನನ್ನ ಹತ್ರ ಕ್ಯಾನನ್ 1500ಡಿ ಇದೆ, ಅದ್ರ ಜೊತೆ ಬಂದ 18-55, ಆಮೇಲೆ ಸೆಕೆಂಡ್ ಹ್ಯಾಂಡ್ ತಗೊಂಡ 50 ಎಂಎಂ ಎಫ್ 1.8, ಮತ್ತೆ 55-250. ನಮ್ಮ ಮಾವ ಯಕ್ಷಗಾನದಲ್ಲಿ ವೇಷ ಮಾಡ್ತಾರೆ, ಮಳೆಗಾಲದಲ್ಲಿ ಊರಿಂದ ಕಲಾವಿದರು ಮುಂಬೈಗೆ ಬಂದಾಗ ಇಲ್ಲಿಯವರಿಗೂ ಒಂದೊಂದು ಆಟದಲ್ಲಿ ಅವಕಾಶ ಸಿಗುತ್ತೆ, ಹಾಗಾಗಿ ಮಾಟುಂಗ, ಮುಲುಂಡ್ ಕಡೆ ಹಾಲ್‌ಗಳಿಗೆ ನಾನೂ ಕ್ಯಾಮೆರಾ ಹಿಡ್ಕೊಂಡು ಹೋಗ್ತೀನಿ.

ತೊಂದ್ರೆ ಏನಂದ್ರೆ ಕ್ಯಾಮೆರಾದ ಚಿಕ್ಕ ಸ್ಕ್ರೀನಲ್ಲಿ ಎಲ್ಲ ಸೂಪರ್ ಕಾಣುತ್ತೆ, ಮನೆಗೆ ಬಂದು ಲ್ಯಾಪ್‌ಟಾಪಲ್ಲಿ ದೊಡ್ಡದು ಮಾಡಿದ್ರೆ ಯಾವುದೂ ಶಾರ್ಪ್ ಇರಲ್ಲ. ಚೌಕಿಯಲ್ಲಿ, ಅಂದ್ರೆ ವೇಷ ಕಟ್ಟೋ ಕೋಣೇಲಿ, ಮಾವ ಬಣ್ಣ ಹಚ್ಕೊಳ್ಳೋದನ್ನ 50 ಎಂಎಂ ಅಲ್ಲಿ ಹತ್ತಿರದಿಂದ ತೆಗೆದ್ರೆ ಕೈಬೆರಳು ಶಾರ್ಪ್ ಬಂದು ಕಣ್ಣು ಮಸುಕಾಗುತ್ತೆ. ಸ್ಟೇಜಲ್ಲಿ ಕೆಲವು ಸಲ ಮುಂದಿರೋ ಮೈಕ್ ಸ್ಟ್ಯಾಂಡ್ ಚೆನ್ನಾಗಿ ಬಂದು ವೇಷ ಹಿಂದೆ ಮಂಜಾಗಿರುತ್ತೆ, ಗಿರಕಿ ಹೊಡೆಯುವಾಗ ತೆಗೆದಿದ್ದಂತೂ ಪೂರ್ತಿ ಬಣ್ಣದ ಗೆರೆಗಳು. ಬೇಸಿಗೆಯಲ್ಲಿ ಮುಂಬೈನ ಶಿವ್ಡಿ ಜೆಟ್ಟಿಗೆ ಹೋಗಿ 250 ಅಲ್ಲಿ ಫ್ಲೆಮಿಂಗೋ ತೆಗೆದೆ, ಗುಲಾಬಿ ಬಣ್ಣ ಬಂದಿದೆ ಆದ್ರೆ ಒಂದು ಗರಿನೂ ಬಿಡಿಯಾಗಿ ಕಾಣಲ್ಲ, ಎಲ್ಲ ಹತ್ತಿ ಥರ.

ಸೆಟ್ಟಿಂಗ್ ಹೇಳ್ಬೇಕು ಅಂದ್ರೆ ಫೋಕಸ್ ಪಾಯಿಂಟ್ ಒಂಬತ್ತೂ ಆನ್ ಇದೆ, ಒನ್ ಶಾಟ್ ಮೋಡ್ (ಒಮ್ಮೆ ಫೋಕಸ್ ಹಿಡಿದ್ರೆ ಅಲ್ಲೇ ನಿಲ್ಲುತ್ತೆ), ಎವಿ ಮೋಡಲ್ಲಿ (ಎಫ್ ನಂಬರ್ ನಾನಿಡ್ತೀನಿ, ಶಟರ್ ಕ್ಯಾಮೆರಾನೇ ಇಡುತ್ತೆ) ಎಫ್ 1.8, ಅಂದ್ರೆ ಲೆನ್ಸ್ ಪೂರ್ತಿ ತೆರೆದಿಟ್ಟು ತೆಗೀತೀನಿ, ಶಟರ್ ನೋಡಿದ್ರೆ 1/60 ಇಂದ 1/125 ಸೆಕೆಂಡ್ ಒಳಗೆ ಬಿದ್ದಿದೆ. ಲೆನ್ಸ್ ಚೇಂಜ್ ಮಾಡಿ ಅಂತ ಒಬ್ರು ಅಂಗಡಿಯವರು ಹೇಳಿದ್ರು, ಮಿರರ್‌ಲೆಸ್ ತಗೋ ಅಂತ ಫ್ರೆಂಡ್ ಹೇಳ್ತಾನೆ. ಅಷ್ಟು ದುಡ್ಡು ಈಗ ಇಲ್ಲ. ಮುಂದಿನ ಆಟದಲ್ಲಿ ಮಾವಂದು ಒಂದೇ ಒಂದು ಫೋಟೋ ದೊಡ್ಡದಾಗಿ ಪ್ರಿಂಟ್ ಹಾಕಿಸೋ ಥರ ಬಂದ್ರೆ ಸಾಕು. ಎಲ್ಲಿಂದ ಶುರು ಮಾಡ್ಲಿ?

ಘಾಟ್ಕೋಪರ್_ಅಕ್ಕ:

ಏನೂ ಕೊಳ್ಬೇಡಿ ಮಾರಾಯ್ರೇ. ನಿಮ್ಮಲ್ಲಿ ಇರುವ 50 ಎಂಎಂ ಯಕ್ಷಗಾನಕ್ಕೆ ಬೇಕಾದ ಲೆನ್ಸೇ. ನಾನು ಇದೇ ಹಾಲ್‌ಗಳಲ್ಲಿ ಫೋಟೋ ತೆಗೆಯುವವಳು, ಅದಕ್ಕೆ ಸ್ವಲ್ಪ ಉದ್ದ ಬರೀತೇನೆ, ಸಾವಕಾಶ ಓದಿ.

ನೀವು ಬರೆದದ್ದನ್ನು ಓದಿದಾಗ ನನಗೆ ಕಂಡದ್ದು, ನಿಮಗೆ ಇರುವುದು ಒಂದು ತೊಂದರೆ ಅಲ್ಲ, ಬೇರೆ ಬೇರೆ ತೊಂದರೆಗಳಿಗೆ ನೀವು ಮಸುಕು ಅಂತ ಒಂದೇ ಹೆಸರು ಇಟ್ಟಿದ್ದೀರಿ. ಫೋಟೋವನ್ನು 100 ಪರ್ಸೆಂಟಿಗೆ ದೊಡ್ಡದು ಮಾಡಿ ಮೊದಲು ಹುಡುಕಬೇಕಾದ್ದು ಇದನ್ನು: ಫ್ರೇಮಿನಲ್ಲಿ ಬೇರೆ ಎಲ್ಲಿಯಾದ್ರೂ ಶಾರ್ಪ್ ಉಂಟಾ? ಇದ್ರೆ ಕ್ಯಾಮೆರಾ ಫೋಕಸ್ ಮಾಡಿದೆ, ಆದ್ರೆ ನಿಮಗೆ ಬೇಡದ ಜಾಗದಲ್ಲಿ ಮಾಡಿದೆ, ಅದು ನಿಮ್ಮ ಬೆರಳಿಂದೂ ಮೈಕ್ ಸ್ಟ್ಯಾಂಡಿಂದೂ ಕಥೆ. ಸ್ಟೇಜಿನ ನೆಲ, ಹಿಂದೆ ಕೂತ ಭಾಗವತರು ಸರಿ ಇದ್ದು ಕುಣಿಯುವವರು ಮಾತ್ರ ಎಳೆದ ಹಾಗೆ ಬಂದಿದ್ರೆ ಅದು ಫೋಕಸ್ ಅಲ್ಲವೇ ಅಲ್ಲ, ಶಟರ್ ಸಾಲದೆ ಆದದ್ದು. ಎಲ್ಲವೂ ಒಂದೇ ದಿಕ್ಕಿಗೆ ಎಳೆದಿದ್ರೆ ನಿಮ್ಮ ಕೈ ಅಲುಗಿದ್ದು. ಇನ್ನು ಎಲ್ಲೂ ಶಾರ್ಪ್ ಇಲ್ಲ, ಎಳೆದ ಗುರುತೂ ಇಲ್ಲ ಅಂದ್ರೆ ಬೇರೆ ಕಾರಣ, ಶಿವ್ಡಿಯದ್ದು ಆ ಜಾತಿ ಅಂತ ನನ್ನ ಅನುಮಾನ, ಅದನ್ನು ಹಕ್ಕಿ ತೆಗೆಯುವವರು ಯಾರಾದ್ರೂ ಹೇಳ್ಲಿ.

ಈಗ ಚೌಕಿ. ಒಂಬತ್ತು ಪಾಯಿಂಟ್ ಆನ್ ಇಟ್ರೆ ಕ್ಯಾಮೆರಾ ಸಾಮಾನ್ಯವಾಗಿ ಹತ್ತಿರ ಇರುವುದನ್ನು, ಗೆರೆ ಸ್ಪಷ್ಟ ಇರುವುದನ್ನು ಹಿಡಿಯುತ್ತದೆ. ಬಣ್ಣ ಹಚ್ಚುವ ಕೈ ಮುಖಕ್ಕಿಂತ ಮುಂದೆ ಉಂಟಲ್ಲ, ಅದನ್ನೇ ಹಿಡಿಯಿತು. ವ್ಯೂಫೈಂಡರಿನಲ್ಲಿ ನೋಡುವಾಗ ಮುಖ ಯಾವುದು ಕೈ ಯಾವುದು ಅಂತ ಆ ಕ್ಯಾಮೆರಾಕ್ಕೆ ಗೊತ್ತಿಲ್ಲ, ನೀವೇ ಹೇಳಬೇಕು. ಹಾಗಾಗಿ ಇವತ್ತೇ ಒಂದೇ ಪಾಯಿಂಟಿಗೆ ಬನ್ನಿ, ಶುರುವಿಗೆ ನಡುವಿನದ್ದು. 1500ಡಿಯಲ್ಲಿ ನಡುವಿನ ಒಂದು ಪಾಯಿಂಟ್ ಮಾತ್ರ ಕ್ರಾಸ್ ಟೈಪ್, ಅಂದ್ರೆ ಅಡ್ಡ ಗೆರೆ ಉದ್ದ ಗೆರೆ ಎರಡನ್ನೂ ಓದುತ್ತದೆ, ಉಳಿದ ಎಂಟು ಒಂದೇ ದಿಕ್ಕಿನ ಗೆರೆ ಓದುವಂಥದ್ದು. ಬೆಳಕು ಕಮ್ಮಿ ಇರುವಲ್ಲಿ ನಡುವಿನದ್ದೇ ನಂಬಿಗಸ್ತ. ಅದನ್ನು ಎಲ್ಲಿ ಇಡಬೇಕು ಅಂದ್ರೆ ಕಣ್ಣಿನ ಅಂಚಿಗೆ, ಕಾಡಿಗೆಯ ಕಪ್ಪು ಮತ್ತೆ ಕಣ್ಣಿನ ಬಿಳಿ ಸೇರುವಲ್ಲಿ. ಕೆನ್ನೆಯ ಮೇಲೆ ಇಟ್ರೆ ಒಂದೇ ಬಣ್ಣ ಬಳಿದ ಜಾಗ, ಹಿಡಿಯಲಿಕ್ಕೆ ಗೆರೆಯೇ ಇರುವುದಿಲ್ಲ, ಲೆನ್ಸ್ ಹಿಂದೆ ಮುಂದೆ ಓಡ್ತಾ ಇರ್ತದೆ.

ಪಾಯಿಂಟ್ ಸರಿ ಇಟ್ರೂ ಎಫ್ 1.8 ಚೌಕಿಯಲ್ಲಿ ಕಷ್ಟ. ಒಂದು ಮೀಟರ್ ದೂರದಿಂದ 50 ಎಂಎಂ ಎಫ್ 1.8 ಅಂದ್ರೆ ನಿಮ್ಮ ಕ್ಯಾಮೆರಾದ ಸೆನ್ಸಾರಿಗೆ ಶಾರ್ಪ್ ಬರುವ ಆಳ ಒಟ್ಟು ಎರಡೂವರೆ ಮೂರು ಸೆಂಟಿಮೀಟರ್. ಮಾವ ಕನ್ನಡಿ ಕಡೆ ಸ್ವಲ್ಪ ಬಗ್ಗಿದ್ರೆ ಮುಗೀತು. ಎಫ್ 4 ಮಾಡಿ, ಆಗ ಆರು ಸೆಂಟಿಮೀಟರ್ ಸಿಗ್ತದೆ, ಎರಡೂ ಕಣ್ಣು ಮೂಗಿನ ತುದಿ ಬರ್ತದೆ. ಬೆಳಕು ಸುಮಾರು ಐದರಲ್ಲಿ ಒಂದು ಪಾಲು ಆಗುವುದು ಹೌದು, ಅದಕ್ಕೆ ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಎಷ್ಟು ಸ್ಪಂದಿಸಬೇಕು ಅನ್ನುವ ಸೆಟ್ಟಿಂಗ್) ಏರಿಸಿ. ಚೌಕಿಯಲ್ಲಿ ಕನ್ನಡಿ ಹತ್ರ ಬಲ್ಬ್ ಇರ್ತದೆ, ಅದರ ಬೆಳಕು ಮುಖದ ಮೇಲೆ ಬೀಳುವ ಬದಿಯಲ್ಲಿ ನಿಂತ್ಕೊಳ್ಳಿ.

ಸ್ಟೇಜಿನ ಲೆಕ್ಕ ಬೇರೆ. ನಾಲ್ಕು ಮೀಟರ್ ದೂರದಿಂದ ಅದೇ ಎಫ್ 1.8 ಅಲ್ಲಿ ಹತ್ತಿರ ಹತ್ತಿರ 45 ಸೆಂಟಿಮೀಟರ್ ಆಳ ಸಿಗ್ತದೆ, ಕಿರೀಟ ಮುಖ ಎದೆಪದಕ ಎಲ್ಲ ಅದರೊಳಗೆ ಬಂತು. ಅಲ್ಲಿ ನಿಮಗೆ ಕೈಕೊಟ್ಟದ್ದು ಶಟರ್. ಅರ್ಥ ಹೇಳ್ತಾ, ಅಂದ್ರೆ ಮಾತಾಡ್ತಾ, ನಿಂತಿರುವಾಗ 1/160 ಸಾಕು, ಕುಣಿತಕ್ಕೆ 1/320 ಆದ್ರೂ ಬೇಕು, ಗಿರಕಿಗೂ ದಿಗಿಣಕ್ಕೂ (ಹಾರಿ ಸುತ್ತುವುದು) 1/500 ಅಥವಾ ಅದಕ್ಕಿಂತ ಮೇಲೆ. ಎವಿ ಬಿಟ್ಟು ಎಲ್ಲ ನಾವೇ ಇಡುವ ಎಂ ಮೋಡಿಗೆ ಬನ್ನಿ, ಶಟರ್ 1/320, ಎಫ್ 2.2, ಐಎಸ್‌ಒ 3200 ಇಟ್ಟು ಒಂದು ತೆಗೆದು ನೋಡಿ, ಹಾಲಿನ ಬೆಳಕು ನೋಡಿ ಆಚೀಚೆ ಮಾಡಿ. ಕಾಳು ಕಾಳು ಬರ್ತದೆ ಅಂತ ಹೆದರ್ಬೇಡಿ, ಪ್ರಿಂಟಿನಲ್ಲಿ ಕಾಳು ಅಷ್ಟು ಕಾಣುವುದಿಲ್ಲ, ಎಳೆದ ಕಣ್ಣು ಮಾತ್ರ ಎಷ್ಟು ದೂರದಿಂದ ನೋಡಿದ್ರೂ ಕಾಣ್ತದೆ. ಅಲ್ಲಿ 55-250 ತೆಗೀಬೇಡಿ, ಎಫ್ 5.6 ಅಂದ್ರೆ ಎಫ್ 1.8ರ ಹತ್ತನೇ ಒಂದು ಪಾಲು ಬೆಳಕು ಅಷ್ಟೇ.

ಒಂದು ವಿಷಯ ಯಕ್ಷಗಾನ ಗೊತ್ತಿರುವವರಿಗೆ ಮಾತ್ರ ಸಿಗುವ ಲಾಭ. ಚೆಂಡೆ ಕೇಳ್ತಾ ತೆಗೀರಿ. ಮುಕ್ತಾಯ, ಅಂದ್ರೆ ತಾಳದ ಕೊನೆಯ ಪೆಟ್ಟು, ಬೀಳುವಾಗ ವೇಷ ಒಂದು ಕ್ಷಣ ಭಂಗಿಯಲ್ಲಿ ನಿಲ್ತದೆ, ಕೈ ಕಣ್ಣು ಎಲ್ಲ ಒಂದು ಕಡೆ ಸೇರಿರ್ತದೆ. ಆಗ 1/200 ಅಲ್ಲೂ ಶಾರ್ಪ್ ಬರ್ತದೆ, ಮತ್ತೆ ಫೋಟೋ ಅಂತ ನೋಡಿದ್ರೂ ಅದೇ ಚಂದ. ನಿಮ್ಮ ಕ್ಯಾಮೆರಾ ಸೆಕೆಂಡಿಗೆ 3 ಫೋಟೋ ತೆಗೆಯುವಂಥದ್ದು, ಒತ್ತಿ ಹಿಡಿದ್ರೆ ಆ ಕ್ಷಣ ಎರಡು ಫೋಟೋದ ನಡುವೆ ತಪ್ಪಿ ಹೋಗ್ತದೆ, ತಾಳ ಹಿಡಿದು ಒಂದೇ ಒತ್ತಿ.

ಫ್ಲ್ಯಾಶ್ ಮಡಚಿಯೇ ಇರ್ಲಿ. ಅದು ತೆರೆದಿದ್ರೆ ಕತ್ತಲಲ್ಲಿ ಫೋಕಸ್ ಹುಡುಕಲಿಕ್ಕೆ ಪಟಪಟ ಅಂತ ಮಿಂಚಿಸ್ತದೆ, ಕಲಾವಿದರ ಕಣ್ಣಿಗೆ ನೇರ ಬೀಳ್ತದೆ. ಬೀಪ್ ಸದ್ದೂ ಆಫ್ ಮಾಡಿ. ಶಟರ್ ಏರಿಸಿದ ಮೇಲೆ ಫೋಟೋದಲ್ಲಿ ಅಡ್ಡಡ್ಡ ಕಪ್ಪು ಪಟ್ಟಿ ಬಂದ್ರೆ ಕ್ಯಾಮೆರಾ ಹಾಳಾಯ್ತು ಅಂತ ಎಣಿಸ್ಬೇಡಿ, ನಮ್ಮ ಕರೆಂಟು 50 ಹರ್ಟ್ಸ್ ಅಲ್ವಾ, ಕೆಲವು ಎಲ್‌ಇಡಿ ಲೈಟ್ ಸೆಕೆಂಡಿಗೆ 100 ಸಲ ಮಿಣುಕ್ತದೆ, ಅದು ಕಾಣುವುದು. ಅಂಥ ಲೈಟಿದ್ದಲ್ಲಿ 1/100ಕ್ಕೆ ಇಳಿದು ಮುಕ್ತಾಯಕ್ಕೆ ಕಾಯುವುದೇ ದಾರಿ.

ಡೊಂಬಿವ್ಲಿ_ಲೋಕಲ್:

ಅಕ್ಕಾ ತುಂಬಾ ತುಂಬಾ ಥ್ಯಾಂಕ್ಸ್, ಹಳೇ ಫೋಟೋ ಎಲ್ಲ ತೆಗೆದು ಈಗ ಮತ್ತೆ ನೋಡಿದೆ, ನೀವು ಹೇಳಿದ ಹಾಗೇ ಗಿರಕಿ ಫೋಟೋದಲ್ಲಿ ಹಿಂದೆ ಮದ್ದಳೆಯವರು ಪಕ್ಕಾ ಶಾರ್ಪ್ ಇದ್ದಾರೆ. ಒಂದು ಡೌಟು. ನಡುವಿನ ಪಾಯಿಂಟ್ ಕಣ್ಣಿನ ಮೇಲೆ ಇಟ್ರೆ ಕಣ್ಣು ಫೋಟೋದ ನಡುವೆನೇ ಬರುತ್ತಲ್ಲ, ಕಿರೀಟ ಮೇಲೆ ಕಟ್ಟಾಗುತ್ತೆ. ಅರ್ಧ ಒತ್ತಿ ಫೋಕಸ್ ಹಿಡಿದು ಆಮೇಲೆ ಕ್ಯಾಮೆರಾ ತಿರುಗಿಸಿ ಕ್ಲಿಕ್ ಮಾಡ್ಬಹುದಾ?

ಕೊಥ್ರೂಡ್_ಧಾರವಾಡ:

ಸರ, ಅದಕ್ಕ ನಾ ಉತ್ತರ ಹೇಳ್ತೀನಿ, ಅಕ್ಕಾರು ಹೇಳಿದ್ದು ಎಲ್ಲಾ ಬರೋಬ್ಬರಿ ಅದ, ಅದರ ಮುಂದಿಂದು ಇದು.

ಫೋಕಸ್ ಅಂದ್ರ ಒಂದು ಚುಕ್ಕಿ ಅಲ್ರಿ, ನಿಮ್ಮ ಸೆನ್ಸಾರ್‌ಗೆ ಸಮಾನಾಂತರ ನಿಂತಿರೋ ಒಂದು ದೊಡ್ಡ ಗಾಜಿನ ಹಾಳಿ ಇದ್ದಂಗ. ನೀವು ಕ್ಯಾಮೆರಾ ತಿರುಗಿಸಿದ್ರ ಆ ಹಾಳಿನೂ ತಿರುಗ್ತದ, ಕಣ್ಣು ಮಾತ್ರ ಇದ್ದಲ್ಲೇ ಇರ್ತದ. ಒಂದು ಮೀಟರಿನಿಂದ ಕಣ್ಣಿಗೆ ಫೋಕಸ್ ಹಿಡಿದು ಕಣ್ಣು ಫ್ರೇಮಿನ ಅಂಚಿನ ತನಕ ಹೋಗೋ ಹಂಗ ಒಂದು 12 ಡಿಗ್ರಿ ತಿರುಗಿಸಿದ್ರಿ ಅಂದ್ರ ಹಾಳಿ ಕಣ್ಣಿನ ಹಿಂದ ಎರಡು ಸೆಂಟಿಮೀಟರ್ ಸರಿತದ. ಎಫ್ 1.8 ಇದ್ರ ಮುಂದಿನ ಕಡೆ ನಿಮಗ ಸಿಗೋದು ಅಂದಾಜು ಒಂದೂಕಾಲು ಸೆಂಟಿಮೀಟರ್, ಅಂದಮ್ಯಾಲ ಕಣ್ಣು ಹೋತು, ಕಿವಿ ಕಡೆ ಶಾರ್ಪ್ ಬರ್ತದ. ಅದೇ ಸ್ಟೇಜಿನ ಮ್ಯಾಲ ನಾಲ್ಕು ಮೀಟರ್ ದೂರ ಇದ್ದಾಗ ಎಂಟೊಂಬತ್ತು ಸೆಂಟಿಮೀಟರ್ ಸರಿದ್ರೂ ಅಲ್ಲಿ ಆಳ ಭಾಳ ಅದ, ಏನೂ ಆಗಂಗಿಲ್ಲ. ಅದಕ್ಕ ಸ್ಟೇಜಿನಾಗ ಬಿಂದಾಸ್ ತಿರುಗಿಸ್ರಿ, ಚೌಕಿಯೊಳಗ ತಿರುಗಿಸಬ್ಯಾಡ್ರಿ, ಅಲ್ಲಿ ಕಣ್ಣಿನ ಹತ್ತಿರ ಬರೋ ಪಾಯಿಂಟೇ ಆರಿಸಿಕೊಳ್ರಿ. ಆ ಪಾಯಿಂಟ್ ಕ್ರಾಸ್ ಅಲ್ಲ ಅಂತ ಹಿಡೀದೇ ಇದ್ರ ಕ್ಯಾಮೆರಾನ ಒಂದೀಟು ಓರೆ ಮಾಡ್ರಿ, ಗೆರಿಯ ದಿಕ್ಕು ಬದಲಾದ ಕೂಡ್ಲೇ ಟಕ್ ಅಂತ ಹಿಡಿತದ.

ಮಾವ ಕೂತ್ಕೊಂಡು ನಿಧಾನ ಬಣ್ಣ ಹಚ್ಚೋ ಹೊತ್ತಿನಾಗ ಲೈವ್ ವ್ಯೂ ಬಳಸ್ರಿ, ಅಂದ್ರ ಹಿಂದಿನ ಸ್ಕ್ರೀನ್ ನೋಡಿ ತೆಗಿಯೋದು. ವ್ಯೂಫೈಂಡರಿನಾಗ ನೋಡುವಾಗ ಫೋಕಸ್ ಅಳಿಯೋದು ಕನ್ನಡಿಯ ಕೆಳಗ ಇರೋ ಬ್ಯಾರೆ ಸೆನ್ಸಾರು, ಲೈವ್ ವ್ಯೂದಾಗ ಫೋಟೋ ತೆಗಿಯೋ ಸೆನ್ಸಾರೇ ನೋಡಿ ಹೇಳ್ತದ. ನಿಧಾನ ಖರೆ, ಆದ್ರ ಅದು ಹೇಳಿದ್ದು ಪಕ್ಕಾ. 10 ಪಟ್ಟು ದೊಡ್ಡದು ಮಾಡಿ ಕೈಯಿಂದ ರಿಂಗ್ ತಿರುಗಿಸಿ ರೆಪ್ಪೆಗೂದಲು ಕಾಣೋ ತನಕ ಹೊಂದಿಸಬಹುದು.

ಇದರಿಂದನ ಇನ್ನೊಂದು ಉಪಯೋಗ ಅದ. ಲೆನ್ಸ್ ಬದಲಿಸ್ರಿ ಅಂದ್ರಲ್ಲ ಅಂಗಡಿಯವರು, ಲೆನ್ಸಿನಾಗ ಖರೇನ ದೋಷ ಅದನೋ ಇಲ್ಲೋ ಮನ್ಯಾಗ ನೋಡಬಹುದು. ಅಡಗಿಮನಿ ಕಟ್ಟಿ ಮ್ಯಾಲ ಮೂರು ಮಸಾಲಿ ಡಬ್ಬಿ ಓರೆ ಸಾಲಿನಾಗ ಇಡ್ರಿ, ಒಂದರ ಹಿಂದ ಒಂದು, ನಡುವೆ ಒಂದೆರಡು ಇಂಚು ಬಿಟ್ಟು, ಡಬ್ಬಿ ಮ್ಯಾಲಿನ ಅಕ್ಷರ ಕಾಣೋ ಹಂಗ. ಕ್ಯಾಮೆರಾ ಟ್ರೈಪಾಡಿನ ಮ್ಯಾಲ, ಎಫ್ 1.8, ನಡುವಿನ ಪಾಯಿಂಟು ನಡುವಿನ ಡಬ್ಬಿ ಮ್ಯಾಲ, ಎರಡು ಸೆಕೆಂಡ್ ಟೈಮರ್. ವ್ಯೂಫೈಂಡರಿನಿಂದ ನಾಲ್ಕೈದು ತೆಗೀರಿ, ಪ್ರತಿ ಸಲ ಮೊದಲ ರಿಂಗ್ ತಿರುಗಿಸಿ ಫೋಕಸ್ ಕೆಡಿಸಿ ಆಮ್ಯಾಲ ಹೊಸದಾಗಿ ಹಿಡೀರಿ. ಆಮ್ಯಾಲ ಲೈವ್ ವ್ಯೂದಿಂದ ಅಷ್ಟೇ ತೆಗೀರಿ. ಎರಡರಾಗೂ ನಡುವಿನ ಡಬ್ಬಿನೇ ಶಾರ್ಪ್ ಬಂದ್ರ ಲೆನ್ಸ್ ಗಟ್ಟಿ ಅದ, ಮನಸಿನಿಂದ ಆ ಸಂಶಯ ತೆಗೆದು ಹಾಕ್ರಿ. ಲೈವ್ ವ್ಯೂದಾಗ ಸರಿ ಬಂದು ವ್ಯೂಫೈಂಡರಿನಾಗ ಪ್ರತಿ ಸಲ ಹಿಂದಿನ ಡಬ್ಬಿನೋ ಮುಂದಿನ ಡಬ್ಬಿನೋ ಶಾರ್ಪ್ ಬಂತಂದ್ರ ಕ್ಯಾಮೆರಾ ಮತ್ತ ಲೆನ್ಸಿನ ಜೋಡಿ ಹೊಂದಿಲ್ಲ. 80ಡಿ, 90ಡಿ ಅಂಥಾದ್ರಾಗ ಅದನ್ನ ನಾವೇ ಮೆನುವಿನಾಗ ತಿದ್ದಬಹುದು, 1500ಡಿಯೊಳಗ ಆ ಸೌಲಭ್ಯ ಇಲ್ಲ, ಎರಡನ್ನೂ ಕೂಡೇ ಸರ್ವಿಸ್ ಸೆಂಟರಿಗೆ ಕೊಡಬೇಕಾಗ್ತದ. ಒಮ್ಮೆ ಹಿಂದ ಒಮ್ಮೆ ಮುಂದ ಬಂದ್ರ ಅದು ಜೋಡಿಯ ದೋಷ ಅಲ್ಲ, ಬೆಳಕು ಸಾಲದು ಇಲ್ಲಾ ಪಾಯಿಂಟ್ ಸರಿಯಾಗಿ ಕೂತಿಲ್ಲ.

ಇನ್ನ ನಾ ಎಲ್ಲಾರಿಗೂ ಹೇಳೋದು ಬ್ಯಾಕ್ ಬಟನ್ ಫೋಕಸ್. ಕ್ಲಿಕ್ ಮಾಡೋ ಬೆರಳಿಗೂ ಫೋಕಸ್ ಮಾಡೋ ಬೆರಳಿಗೂ ಸಂಬಂಧ ಕಡೀರಿ. ಕಸ್ಟಮ್ ಫಂಕ್ಷನ್‌ದಾಗ ಶಟರ್ ಮತ್ತ ಎಇ ಲಾಕ್ ಬಟನ್ ಅಂತ ಒಂದು ಸಾಲು ಅದ, ಅಲ್ಲಿ 3 ಅನ್ನೋದನ್ನ ಆರಿಸ್ರಿ. ಆಗ ಹಿಂದ ಹೆಬ್ಬಟ್ಟಿನ ಹತ್ರ ಇರೋ ನಕ್ಷತ್ರದ ಗುರುತಿನ ಬಟನ್ ಒತ್ತಿದ್ರ ಮಾತ್ರ ಫೋಕಸ್. ಜೋಡಿಗೆ ಎಐ ಸರ್ವೋ (ಚಲಿಸೋದನ್ನ ಬಿಡದ ಫೋಕಸ್ ಮಾಡೋ ಮೋಡ್) ಇಟ್ರ, ವೇಷ ನಿಮ್ಮ ಕಡೆ ಕುಣಿಕೋತ ಬರುವಾಗ ಹೆಬ್ಬಟ್ಟು ಒತ್ತಿ ಹಿಡೀರಿ, ಫೋಕಸ್ ಬೆನ್ನಟ್ಟಿಕೊಂಡು ಬರ್ತದ, ನಿಂತಾಗ ಹೆಬ್ಬಟ್ಟು ಬಿಡ್ರಿ, ಫೋಕಸ್ ಅಲ್ಲೇ ನಿಲ್ತದ, ಆಮ್ಯಾಲ ಬೇಕಾದಂಗ ಫ್ರೇಮ್ ಮಾಡ್ಕೊಳ್ರಿ. ಮೋಡ್ ಬದಲಿಸೋ ಕೆಲಸನೇ ಇಲ್ಲ. ಒಂದು ಮಾತು ನೆನಪಿರ್ಲಿ, ಒನ್ ಶಾಟಿನಾಗ ಫೋಕಸ್ ಸಿಗೋ ತನಕ ಕ್ಯಾಮೆರಾ ಕ್ಲಿಕ್ ಆಗಂಗಿಲ್ಲ, ಸರ್ವೋದಾಗ ಸಿಗಲಿ ಬಿಡಲಿ ಕ್ಲಿಕ್ ಆಗ್ತದ. ಹೆಬ್ಬಟ್ಟಿಗೆ ಒಂದು ಕ್ಷಣ ಟೈಮ್ ಕೊಟ್ಟು ಆಮ್ಯಾಲ ಶಟರ್ ಒತ್ರಿ.

ನಾ ಇದನ್ನ ಕಲ್ತಿದ್ದು ಕಾಸ್ ಪಠಾರದಾಗ, ಸಾತಾರಾ ಮ್ಯಾಲ, ಆಗಸ್ಟ್ ಸೆಪ್ಟೆಂಬರಿನಾಗ ಹೂವು ತೆಗಿಯುವಾಗ. ಅಲ್ಲಿ ಸಣ್ಣ ಸಣ್ಣ ನೀಲಿ ಹೂವು, ಮ್ಯಾಲ ಗಾಳಿ, ಅರ್ಧ ಒತ್ತಿದಾಗೆಲ್ಲಾ ಲೆನ್ಸ್ ಹೊಸದಾಗಿ ಹುಡುಕ್ಲಿಕ್ಕೆ ಹತ್ತಿದ್ರ ಹುಚ್ಚು ಹಿಡಿತದ. ಹೆಬ್ಬಟ್ಟಿನಿಂದ ಒಮ್ಮೆ ಫೋಕಸ್ ಹಿಡಿದು ಬಿಟ್ಟು, ಆಮ್ಯಾಲ ಮೈಯನ್ನ ಒಂದೆರಡು ಕೂದಲೆಳಿಯಷ್ಟು ಮುಂದ ಹಿಂದ ಮಾಡಿಕೋತ ಹೂವಿನ ನಡುವಿನ ಭಾಗ ಚೊಕ್ಕ ಕಂಡ ಕೂಡ್ಲೇ ಕ್ಲಿಕ್. ಹೂವು ಸೆನ್ಸಾರ್‌ಗೆ ಎದುರಾಬದುರಾ ಇರೋ ಹಂಗ ಕೂತ್ರ ಎಫ್ 8ರಾಗ ಎಸಳು ಎಲ್ಲಾ ಬರ್ತಾವ.

ಘಾಟ್ಕೋಪರ್_ಅಕ್ಕ:

ಧಾರವಾಡದವರೇ, ಗಾಜಿನ ಹಾಳೆಯ ವಿವರಣೆ ತುಂಬಾ ಒಳ್ಳೇದಿತ್ತು, ನಾನು ಕಲಿಸುವಾಗ ಇನ್ನು ಅದನ್ನೇ ಹೇಳ್ತೇನೆ. ಆದ್ರೆ ಬ್ಯಾಕ್ ಬಟನ್ ಇವರಿಗೆ ಈಗಲೇ ಬೇಡ ಅಂತ ನನ್ನ ಅಭಿಪ್ರಾಯ. ಅದು ಹೆಬ್ಬೆರಳಿಗೆ ಅಭ್ಯಾಸ ಆಗ್ಲಿಕ್ಕೆ ಸಮಯ ಬೇಕು, ಮುಂದಿನ ಆಟಕ್ಕೆ ಮಾವನ ಫೋಟೋ ಬೇಕು ಅಂತಿದ್ದಾರೆ, ಪ್ರವೇಶದ ಹೊತ್ತಿಗೆ ಹೆಬ್ಬೆರಳು ಒತ್ತಲು ಮರೆತ್ರೆ ಇಡೀ ಪ್ರವೇಶ ಹೋಯ್ತು. ಈಗ ಒನ್ ಶಾಟ್, ಒಂದು ಪಾಯಿಂಟ್, ಸರಿಯಾದ ಶಟರ್, ಈ ಮೂರೇ ಸಾಕು. ಮನೆಯಲ್ಲಿ ಮಕ್ಕಳ ಮೇಲೆ, ಬಿಲ್ಡಿಂಗ್ ಕೆಳಗೆ ಓಡುವ ರಿಕ್ಷಾದ ಮೇಲೆ ಹೆಬ್ಬೆರಳು ಪಳಗಿಸ್ಲಿ, ಮುಂದಿನ ವರ್ಷದ ಮಳೆಗಾಲಕ್ಕೆ ಬಳಸ್ಲಿ.

ಕೊಥ್ರೂಡ್_ಧಾರವಾಡ:

ಒಪ್ಪಿದೆ ಅಕ್ಕಾರ. ಮೊದಲು ರಿಕ್ಷಾ, ಆಮ್ಯಾಲ ರಾಕ್ಷಸ ವೇಷ.

ಚೋಡಣ_ದಂಡೆ:

ಶಿವ್ಡಿ ಬಗ್ಗೆ ಯಾರೂ ಹೇಳಿಲ್ಲ ಅಂತ ನಾನು ಬರೀತಿದ್ದೇನೆ. ಕಾರವಾರದವನು, ಈಗ ಪಣಜಿಯಲ್ಲಿದ್ದೇನೆ, ಮೊದಲು ಚೆಂಬೂರಲ್ಲಿ ಇದ್ದಾಗ ಶಿವ್ಡಿಗೆ ಆಗಾಗ ಹೋಗ್ತಿದ್ದೆ.

ಮೊದಲು ಒಂದು ಲೆಕ್ಕ. 250 ಎಂಎಂ ಎಫ್ 5.6 ಅಲ್ಲಿ 50 ಮೀಟರ್ ದೂರದ ಹಕ್ಕಿಗೆ ಫೋಕಸ್ ಹಿಡಿದ್ರೆ ಆಳ ಎಂಟು ಮೀಟರಿಗೂ ಹೆಚ್ಚು ಸಿಗುತ್ತೆ. ಅಂದ್ರೆ ಫೋಕಸ್ ಸ್ವಲ್ಪ ಆಚೀಚೆ ಆದ್ರೂ ಹಕ್ಕಿ ಶಾರ್ಪ್ ಇರ್ಲೇಬೇಕು. ಆದ್ರೂ ಗುಂಪಿನ ಒಂದು ಹಕ್ಕಿನೂ ಶಾರ್ಪ್ ಇಲ್ಲ ಅಂದ್ರೆ ಫೋಕಸ್ ಪಾಯಿಂಟ್ ಬದಲಿಸಿ ಪ್ರಯೋಜನ ಇಲ್ಲ. ಉಳಿಯೋದು ಎರಡೇ, ಕೈ ಅಲುಗಿದ್ದು ಅಥವಾ ಗಾಳಿ.

ಕೈ ಅಲುಗಿದ್ದರ ಲೆಕ್ಕ ಸುಲಭ. ನಿಮ್ಮ ಕ್ಯಾಮೆರಾದ ಸೆನ್ಸಾರ್ ಚಿಕ್ಕದು, 250ನ್ನು 1.6 ಇಂದ ಗುಣಿಸಿದ್ರೆ 400, ಹಾಗಾಗಿ 1/400ಕ್ಕಿಂತ ಕೆಳಗೆ ಇಳೀಬೇಡಿ, ಹಾರುವಾಗ ತೆಗೀತೀರಿ ಅಂದ್ರೆ 1/1000 ಮೇಲೆ. ಲೆನ್ಸಲ್ಲಿ ಸ್ಟೆಬಿಲೈಸರ್ ಇದೆಯಲ್ಲ ಅಂತ ಕೇಳ್ಬಹುದು, ಅದು ನಿಮ್ಮ ಕೈ ನಡುಕವನ್ನ ಮಾತ್ರ ತಡೀತದೆ, ಹಕ್ಕಿಯ ಚಲನೆಯನ್ನ ತಡೆಯೋದಿಲ್ಲ.

ಗಾಳಿಯದ್ದೇ ಮುಖ್ಯ ವಿಷಯ, ಮತ್ತೆ ಇದನ್ನ ಬಹಳ ಜನ ಲೆನ್ಸಿನ ಮೇಲೆ ಹಾಕ್ತಾರೆ. ಇಳಿತದ ಹೊತ್ತಿಗೆ ಅಲ್ಲಿ ಕಿಲೋಮೀಟರ್‌ಗಟ್ಟಲೆ ಕೆಸರು ಬಿಸಿಲಿಗೆ ಕಾಯ್ತಾ ಬಿದ್ದಿರುತ್ತೆ, ಅದರ ಮೇಲಿನ ಗಾಳಿ ಬಿಸಿಯಾಗಿ ಏಳುತ್ತೆ, ಬಿಸಿ ಗಾಳಿ ತಣ್ಣನೆ ಗಾಳಿ ಕಲೆಸಿಕೊಂಡಲ್ಲಿ ಬೆಳಕು ಸೊಟ್ಟಾಗಿ ಬರುತ್ತೆ. ಹತ್ತಿ ಥರ ಅಂದ್ರಲ್ಲ, ಅದೇ ಅದರ ಗುರುತು. ಲೈವ್ ವ್ಯೂ ಹಾಕಿ 10 ಪಟ್ಟು ದೊಡ್ಡದು ಮಾಡಿ ದೂರದ ಹಕ್ಕಿಯ ಕಾಲು ನೋಡಿ, ಕಾಲು ನೀರಲ್ಲಿ ಅಲುಗಿದ ಹಾಗೆ ಅಲುಗ್ತಾ ಇದ್ರೆ ಆ ದಿನ ಎಷ್ಟು ದುಬಾರಿ ಲೆನ್ಸ್ ತಂದ್ರೂ ಅಷ್ಟೇ. ಅದಕ್ಕೆ ಇರೋ ಒಂದೇ ಮದ್ದು ಅಂದ್ರೆ ನಿಮಗೂ ಹಕ್ಕಿಗೂ ನಡುವೆ ಇರೋ ಗಾಳಿ ಕಮ್ಮಿ ಮಾಡೋದು, ಅಂದ್ರೆ ಹತ್ತಿರ ಹೋಗೋದು. ಕೆಸರಲ್ಲಿ ಇಳಿಯೋ ಹಾಗಿಲ್ಲ, ಹಾಗಾಗಿ ಹಕ್ಕಿಯೇ ಹತ್ತಿರ ಬರೋ ಹೊತ್ತು ನೋಡ್ಕೊಂಡು ಹೋಗ್ಬೇಕು. ಹೊರಡೋ ಮೊದಲು ಭರತ ಇಳಿತದ ಸಮಯ ನೋಡಿ. ನೀರು ಏರ್ತಾ ಬಂದ ಹಾಗೆ ಹಕ್ಕಿಗಳು ದಂಡೆ ಕಡೆ ಸರೀತಾವೆ, ಪೂರ್ತಿ ಭರತಕ್ಕೆ ಒಂದೆರಡು ತಾಸು ಮೊದಲು ಅಲ್ಲಿ ಕ್ಯಾಮೆರಾ ಹಿಡಿದು ನಿಂತಿರಬೇಕು.

ಇನ್ನೊಂದು, ಜೆಟ್ಟಿ ಪೂರ್ವಕ್ಕೆ ಮುಖ ಮಾಡಿದೆ. ಬೆಳಿಗ್ಗೆ ಗಾಳಿ ತಣ್ಣಗಿರುತ್ತೆ ಆದ್ರೆ ಸೂರ್ಯ ನಿಮ್ಮ ಎದುರು, ಹಕ್ಕಿ ಕಪ್ಪಾಗುತ್ತೆ, ಎದುರು ಬೆಳಕಲ್ಲಿ ಆಟೋಫೋಕಸ್ಸಿಗೂ ಕಷ್ಟ. ಸಂಜೆ ನಾಲ್ಕರ ಮೇಲೆ ಬೆಳಕು ನಿಮ್ಮ ಬೆನ್ನ ಹಿಂದಿಂದ ಹಕ್ಕಿಯ ಮೇಲೆ ಬೀಳುತ್ತೆ, ಬಿಸಿಯೂ ಇಳಿದಿರುತ್ತೆ. ಸಂಜೆ ಬೆಳಕು ಮತ್ತೆ ಏರುವ ನೀರು ಎರಡೂ ಒಟ್ಟಿಗೆ ಬೀಳೋ ದಿನ ಹುಡುಕಿ ಹೋಗಿ. ನವೆಂಬರಿಂದ ಮೇ ತನಕ ಹಕ್ಕಿ ಇರ್ತಾವೆ, ಅಂಥ ದಿನ ಬೇಕಾದಷ್ಟು ಸಿಗ್ತಾವೆ. ಇಲ್ಲಾಂದ್ರೆ ಐರೋಲಿಯಿಂದ ಠಾಣೆ ಖಾಡಿಯ ಫ್ಲೆಮಿಂಗೋ ಅಭಯಾರಣ್ಯಕ್ಕೆ ದೋಣಿ ಬಿಡ್ತಾರೆ, 2022ರಲ್ಲಿ ರಾಮ್ಸರ್ ತಾಣ (ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ) ಅಂತ ಘೋಷಣೆ ಆದದ್ದು ಅದೇ ಜಾಗ. ದೋಣಿಯಿಂದ ದೂರ ಕಮ್ಮಿ ಆಗುತ್ತೆ. ಆದ್ರೆ ಎಂಜಿನ್ ಓಡುವಾಗ ಮೊಣಕೈನೋ ಲೆನ್ಸೋ ಕಟಾಂಜನಕ್ಕೆ ಊರಬೇಡಿ, ನಡುಕ ಎಲ್ಲ ಫೋಟೋದಲ್ಲಿ ಬರುತ್ತೆ, ಎಂಜಿನ್ ನಿಲ್ಲಿಸಿದಾಗ ತೆಗೀರಿ.

ನಮ್ಮ ಚೋಡಣ ದ್ವೀಪದ ಸಲೀಂ ಅಲಿ ಪಕ್ಷಿಧಾಮದಲ್ಲಿ ಇದರ ಉಲ್ಟಾ ತೊಂದರೆ. ರಾಯಬಂದರಿಂದ ಫೆರಿ ಹತ್ತಿ ಹೋಗಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವೆ ದೋಣೀಲಿ ಕೂತ್ರೆ ಮಿಂಚುಳ್ಳಿ ಹತ್ತಿರದಲ್ಲೇ ಕೂತಿರುತ್ತೆ, ಆದ್ರೆ ಅದರ ಮುಂದೆ ಹತ್ತು ಕಡ್ಡಿ, ಹಿಂದೆ ಹತ್ತು ಬೇರು, ಒಂದೇ ಪಾಯಿಂಟ್ ಇಟ್ರೂ ಕಡ್ಡಿಗೆ ಹೋಗುತ್ತೆ. ಯಾಕಂದ್ರೆ ವ್ಯೂಫೈಂಡರಲ್ಲಿ ಕಾಣೋ ಚಿಕ್ಕ ಚೌಕಕ್ಕಿಂತ ಒಳಗಿನ ಸೆನ್ಸಾರಿನ ಜಾಗ ದೊಡ್ಡದಿರುತ್ತೆ. ನಿಮ್ಮದು 55-250 ಎಸ್‌ಟಿಎಂ ಮಾದರಿ ಆದ್ರೆ ಒನ್ ಶಾಟಲ್ಲಿ ಫೋಕಸ್ ಹಿಡಿದ ಮೇಲೆ ಅರ್ಧ ಒತ್ತಿ ಹಿಡಿದುಕೊಂಡೇ ರಿಂಗ್ ತಿರುಗಿಸಿ ಹಕ್ಕಿಯ ಕಣ್ಣಿಗೆ ತರಬಹುದು. ಹಳೇ ಮಾದರಿ ಆದ್ರೆ ಲೆನ್ಸಿನ ಸ್ವಿಚ್ಚನ್ನು ಎಂಎಫ್‌ಗೆ ಹಾಕಿ ಆಮೇಲೆ ತಿರುಗಿಸಿ. ಇದಕ್ಕೆ ವ್ಯೂಫೈಂಡರಿನ ಪಕ್ಕದ ಪುಟ್ಟ ಗಾಲಿಯನ್ನು ನಿಮ್ಮ ಕಣ್ಣಿಗೆ ಹೊಂದಿಸಿಕೊಂಡಿರಬೇಕು, ಒಳಗಿನ ಅಂಕಿಗಳು ಚೊಕ್ಕ ಕಾಣೋ ತನಕ ತಿರುಗಿಸಿ, ಕನ್ನಡಕ ಹಾಕೋರು ಇದನ್ನ ಮರೀಲೇಬಾರದು.

ಡೊಂಬಿವ್ಲಿ_ಲೋಕಲ್:

ಅಬ್ಬಾ, ಇಷ್ಟೆಲ್ಲ ಯಾರೂ ಹೇಳಿರ್ಲಿಲ್ಲ. ಶಿವ್ಡಿಗೆ ನಾನು ಹೋಗಿದ್ದು ಮಧ್ಯಾಹ್ನ, ನೀರು ತುಂಬಾ ದೂರ ಇತ್ತು, ಎಲ್ಲ ಅರ್ಥ ಆಯ್ತು. ಡಬ್ಬಿ ಟೆಸ್ಟ್ ಮಾಡ್ದೆ, ಎರಡರಲ್ಲೂ ನಡುವಿನ ಡಬ್ಬಿನೇ ಶಾರ್ಪ್ ಬಂತು, ಲೆನ್ಸ್ ಸರಿ ಇದೆ. ಕೊನೇದಾಗಿ ಒಂದು, 55-250 ಮುಂದೆ ಒಂದು ಯುವಿ ಫಿಲ್ಟರ್ ಯಾವಾಗ್ಲೂ ಇರುತ್ತೆ, ಅದರಿಂದ ಏನಾದ್ರೂ ಆಗುತ್ತಾ? ಮತ್ತೆ ಮಳೆಗಾಲದಲ್ಲಿ ಹಾಲಿಂದ ಹೊರಗೆ ಬಂದಾಗ ಫೋಟೋ ಎಲ್ಲ ಬೆಳ್ಳಗೆ ಮಂಜು ಮಂಜಾಗಿ ಬರುತ್ತೆ, ಅದೂ ಫೋಕಸ್ ತೊಂದ್ರೆನಾ?

ಚೋಡಣ_ದಂಡೆ:

ಫಿಲ್ಟರ್ ಬಿಚ್ಚಿ ಒಂದು, ಹಾಕಿ ಒಂದು ತೆಗೆದು ನೋಡಿ, ಟೆಲಿ ಲೆನ್ಸ್ ಮುಂದೆ ಅಗ್ಗದ ಗಾಜು ಇದ್ರೆ ವ್ಯತ್ಯಾಸ ಕಣ್ಣಿಗೆ ಕಾಣುತ್ತೆ, ಎದುರು ಬೆಳಕಲ್ಲಂತೂ ಇನ್ನೂ ಜಾಸ್ತಿ. ವ್ಯತ್ಯಾಸ ಕಂಡ್ರೆ ತೆಗೆದಿಟ್ಟು ಲೆನ್ಸ್ ಹುಡ್ ಹಾಕ್ಕೊಳ್ಳಿ.

ಬೆಳ್ಳಗೆ ಬರೋದು ಫೋಕಸ್ ಅಲ್ಲ. ಎಸಿ ಹಾಲಲ್ಲಿ ತಣ್ಣಗಾದ ಗಾಜಿನ ಮೇಲೆ ಹೊರಗಿನ ತೇವದ ಗಾಳಿ ಬಡಿದು ಹನಿ ಕಟ್ಟೋದು, ಎಸಿ ಲೋಕಲ್ಲಿಂದ ಇಳಿದಾಗಲೂ ಆಗುತ್ತೆ. ಒರೆಸಿದ್ರೆ ಮತ್ತೆ ಕಟ್ಟುತ್ತೆ. ಹೊರಗೆ ಬರೋ ಮೊದಲೇ ಕ್ಯಾಮೆರಾ ಬ್ಯಾಗಲ್ಲಿಟ್ಟು ಜಿಪ್ ಹಾಕಿ, ಹೊರಗೆ ಬಂದ ಮೇಲೂ ಇಪ್ಪತ್ತು ನಿಮಿಷ ಬ್ಯಾಗಲ್ಲೇ ಇರ್ಲಿ, ಆ ಹೊತ್ತಲ್ಲಿ ಲೆನ್ಸ್ ಬದಲಿಸೋಕೆ ಹೋಗ್ಬೇಡಿ, ತೇವ ಒಳಗೆ ಹೋಗುತ್ತೆ. ಮುಂಬೈ ಗೋವಾ ಮಳೆಗಾಲದಲ್ಲಿ ಹಾಗೇ ಕಪಾಟಲ್ಲಿ ಇಟ್ರೆ ಲೆನ್ಸ್ ಒಳಗೆ ಫಂಗಸ್ ಹಿಡಿಯುತ್ತೆ, ಅದು ಬಂದ್ರೆ ಎಲ್ಲ ಫೋಟೋದಲ್ಲೂ ಒಂದು ಮಾಸಲು ಬರುತ್ತೆ, ಯಾವ ಫೋಕಸ್ಸಿಗೂ ಹೋಗಲ್ಲ. ನಿಮ್ಮದು ಸೆಕೆಂಡ್ ಹ್ಯಾಂಡ್ ಲೆನ್ಸ್ ಬೇರೆ, ಹಿಂದಿನಿಂದ ಟಾರ್ಚ್ ಬಿಟ್ಟು ಮುಂದಿನಿಂದ ಒಳಗೆ ನೋಡಿ, ಜೇಡರ ಬಲೆಯ ಎಳೆ ಥರ ಏನಾದ್ರೂ ಕಂಡ್ರೆ ಕ್ಲೀನ್ ಮಾಡಿಸಿ. ಇಲ್ಲಾಂದ್ರೆ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಗೆ ಸಿಲಿಕಾ ಜೆಲ್ ಹಾಕಿ ಅದರಲ್ಲಿಡಿ, ಜೆಲ್ಲಿನ ಬಣ್ಣ ಬದಲಾದ ಕೂಡಲೇ ಹೊಸದು ಹಾಕಿ.

ಘಾಟ್ಕೋಪರ್_ಅಕ್ಕ:

ಲೆನ್ಸ್ ಸರಿ ಉಂಟು ಅಂತ ಗೊತ್ತಾಯ್ತಲ್ಲ, ಒಳ್ಳೇದಾಯ್ತು. ಮಾವನದ್ದು ಯಾವ ವೇಷ ಅಂತ ಹೇಳಿ. ಬಣ್ಣದ ವೇಷ (ರಾಕ್ಷಸ ಪಾತ್ರ) ಆದ್ರೆ ಕಣ್ಣಿನ ಸುತ್ತ ಚಿಟ್ಟಿ, ಅಂದ್ರೆ ಬಿಳಿ ಚುಕ್ಕಿಗಳ ಸಾಲು, ಇಟ್ಟಿರ್ತಾರೆ, ಬಿಳಿ ಅಂಚು ಚೆನ್ನಾಗಿರ್ತದೆ, ನಡುವಿನ ಪಾಯಿಂಟ್ ಅದಕ್ಕೇ ಇಡಿ, ಕೂಡ್ಲೇ ಹಿಡಿಯುತ್ತದೆ. ಸ್ತ್ರೀವೇಷ ಆದ್ರೆ ಹಣೆಯ ಬೊಟ್ಟಿನ ಅಂಚು ಒಳ್ಳೇದು, ಕಣ್ಣಿಂದ ಆಳದಲ್ಲಿ ಹೆಚ್ಚು ವ್ಯತ್ಯಾಸ ಇರುವುದಿಲ್ಲ. ಮೂರನೇ ಸಾಲಿನಲ್ಲಿ ಕೂರುವ ಬದಲು ಸ್ಟೇಜಿನ ಎಡಬದಿಯಲ್ಲಿ ಕೆಳಗೆ ನಿಂತ್ಕೊಳ್ಳಿ, ಮೈಕ್ ಸ್ಟ್ಯಾಂಡ್ ಫ್ರೇಮಿಗೆ ಬರುವುದಿಲ್ಲ, ಸಂಘಟಕರಲ್ಲಿ ಮೊದಲೇ ಒಂದು ಮಾತು ಕೇಳಿ ಇಡಿ.